ವಾರಾ ನೋಡಿ

ಪಂಪಿನ ಹಿಡಿಕೆ ಒತ್ತಿದ್ದೇ ತಡ, ಪೆಟ್ಟಿಗೆಯೊಳಗೆ ಹೋಗಬೇಕಾದ ಬಿಳಿ ಮಂಜು ಹೊರಳಿ ಬಂದು ದುಂಡವ್ವನ ಮುಖಕ್ಕೇ ಬಡಿಯಿತು. ಹುಬ್ಬು, ರೆಪ್ಪೆ, ಮೂಗುತಿ ಎಲ್ಲ ಬೆಳ್ಳಗಾದವು. ಅವಳು ಪಂಪು ಕೆಳಗಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿದಳು. ಪೆಟ್ಟಿಗೆಯಲ್ಲಿದ್ದ ಭರಣಿಯ ಮೇಲೆ ಮಾತ್ರ ಅಲ್ಲೊಂದು ಇಲ್ಲೊಂದು ಚುಕ್ಕೆ.

"ಹೇಳಿದ್ನಿಲ್ರಿ? ಇವತ್ತ ಶುಕ್ರವಾರ, ಬ್ಯಾಡ ಅಂತ ಬಡಕೊಂಡ್ನಿ."

ಗಡಿಯೂರು ಉಮದಿಯ ಕುಂಬಾರ ತಮ್ಮಣ್ಣ ಹೆಂಡತಿಯ ಮಾತು ಕೇಳುತ್ತಲೇ ಬೋಗುಣಿಯಲ್ಲಿ ಇಣುಕಿದ. ಬಟ್ಟಿಯಲ್ಲಿ ಬೆಂದರೆ ಗಾಜಿನಂತೆ ಹೊಳೆಯುವ ಮೆರುಗಿನ ನೀರು, ಉಳಿದದ್ದು ಒಂದೇ ಸೇರು. ಸಾಂಗಲಿಯ ಕಡೆ ಆರು ತಿಂಗಳು ಕೆಲಸ ಕಲಿತು ಬರುವಾಗ ಮಾಸ್ತರರು ಕಟ್ಟಿಕೊಟ್ಟ ಪುಡಿ ಕಲಸಿದ್ದು ಅದು. ಬರುವ ಬುಧವಾರ ಜತ್ತದಲ್ಲಿ ಅವರ ಮುಂದೆ ಐದು ಚಲೋ ಭರಣಿ ಇಟ್ಟರೆ ಇನ್ನೊಂದು ಚೀಲ ಸಿಗುತ್ತದೆ. ಇಲ್ಲದಿದ್ದರೆ ಅಪ್ಪನ ಹಾಗೆ ನೀರಿನ ಕೊಡ ಮಾಡಿಕೊಂಡಿರಬೇಕು. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಹೊಳೆಯುವುದನ್ನು ಒಮ್ಮೆ ಕಂಡ ಕಣ್ಣು ಕೇಳಬೇಕಲ್ಲ.

ಚಹಾಪುಡಿ ತುಂಬುವ ಕಟ್ಟಿಗೆಯ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಸೊಳ್ಳೆ ಔಷಧ ಹೊಡೆಯುವ ಕೈಪಂಪು ಹಿಡಿದು ಮೂರು ತಿಂಗಳಿಂದ ಇದೇ ಒದ್ದಾಟ. ಒಳಗೆ ತಗಡು ಬಡಿದ. ಮುಂದೆ ಅರಿವೆ ಕಟ್ಟಿದ. ಬಾಯಿ ಕಿರಿದು ಮಾಡಿದ. ಮಂಜಿಗೂ ದುಂಡವ್ವನ ಮುಖಕ್ಕೂ ಅದೇನು ನೆಂಟಸ್ತನವೋ, ಬಿಡಲೊಲ್ಲದು. ಅವಳೋ, ಸೋಮವಾರ ಬಿಟ್ಟು ಬೇರೆ ದಿನ ಪಂಪು ಮುಟ್ಟುವವಳಲ್ಲ. ಸೋಮವಾರದ ತನಕ ಕಾದರೆ ಬುಧವಾರಕ್ಕೆ ಭರಣಿ ಬೇಯವು ಎಂದು ಇವತ್ತು ಮುಟ್ಟಿದ್ದಳು.

"ಪೆಟಗೀನ ನೆಟ್ಟಗಿಲ್ಲ, ಅದಕ್ಕ ವಾರ ಏನ ಮಾಡತೈತಿ?" ತಮ್ಮಣ್ಣ ರೇಗಿದ.

"ಊರಿಗಿ ಬಂದ ದಿನಾನ ನೀವ ಹೇಳಿದ್ರಿ. ವಾರಾ ನೋಡಿ ಹೊಡೀಬೇಕು, ಮಾಸ್ತರ ಹೇಳ್ಯಾರ ಅಂತ. ನಮ್ಮ ಮನಿದೇವ್ರ ವಾರ ಸೋಮವಾರ. ನಾ ಮತ್ಯಾವ ವಾರ ನೋಡ್ಲಿ?"

ತಮ್ಮಣ್ಣನಿಗೆ ಆಗ ನೆನಪಾಯಿತು. ಮಾಸ್ತರರು ಮರಾಠಿಯವರು. 'ವಾರಾ ಬಘೂನ ಮಾರಾ' ಎಂದಿದ್ದರು. ಊರಿಗೆ ಬಂದ ಹುಮ್ಮಸ್ಸಿನಲ್ಲಿ ಅದನ್ನು ಅರ್ಧ ಮರಾಠಿ, ಅರ್ಧ ಕನ್ನಡ ಮಾಡಿ ಒದರಿ, ಮರುದಿನವೇ ತಾನು ಮರೆತುಬಿಟ್ಟಿದ್ದ. ಬಿಜಾಪುರದ ಕಡೆಯಿಂದ ಸೊಸೆಯಾಗಿ ಬಂದ ದುಂಡವ್ವನ ಮರಾಠಿ ಅಷ್ಟಕ್ಕಷ್ಟೆ.

"ಹುಚ್ಚಿ, ಮರಾಠ್ಯಾಗ ವಾರಾ ಅಂದ್ರ ಗಾಳಿ."

"ಗಾಳೀನಾ?" ಅವಳು ಸೆರಗು ಇಳಿಸಿದಳು. "ಗಾಳಿ ಅಂದಿದ್ರ ಅವತ್ತ ಹೇಳತಿದ್ನಿ. ಜ್ವಾಳಾ ತೂರುವಾಗ ಯಾರರೆ ಗಾಳಿಗಿ ಮಾರಿ ಕೊಟ್ಟು ನಿಂದರತಾರೇನ್ರಿ? ಬೆನ್ನ ಕೊಡಬೇಕು."

ಒಲೆಯ ಬೂದಿ ಒಂದು ಚಿಟಿಕೆ ತಂದು ಉದುರಿಸಿದಳು. ಅದು ಪೆಟ್ಟಿಗೆಯ ಬೆನ್ನ ಕಡೆಯಿಂದ ಅವಳ ಕಡೆಗೇ ಹಾರಿತು. ಇಬ್ಬರೂ ಸೇರಿ ಪೆಟ್ಟಿಗೆಯ ಬಾಯಿಯನ್ನು ಗಾಳಿಗೆ ತಿರುಗಿಸಿದರು.

"ಹೊಕ್ಕ ಗಾಳಿ ಹೊರಬೀಳಾಕ ದಾರಿ ಬ್ಯಾಡೇನ್ರಿ?"

ತಮ್ಮಣ್ಣ ಪೆಟ್ಟಿಗೆಯ ಹಿಂದಿನ ಹಲಗೆ ಕಿತ್ತ. ಅವಳು ಅಲ್ಲಿ ಗೋಣಿತಟ್ಟು ನೆನೆಸಿ ತೂಗುಹಾಕಿ, ಕೆಳಗೆ ರೊಟ್ಟಿ ಹಿಟ್ಟು ನಾದುವ ಪರಾತ ಇಟ್ಟಳು. ಗಾಳಿಗೆ ಬೆನ್ನು ಕೊಟ್ಟು ಪಂಪು ಒತ್ತಿದಳು. ಮಂಜು ಒಳಹೊಕ್ಕಿತು, ಭರಣಿಯನ್ನು ಸುತ್ತಿತು, ಗೋಣಿತಟ್ಟಿಗೆ ಬಡಿದು ಅಲ್ಲೇ ಉಳಿಯಿತು. ತಟ್ಟಿನಿಂದ ಮೆರುಗಿನ ನೀರು ತೊಟ್ಟಿಕ್ಕಿ ಪರಾತಕ್ಕೆ ವಾಪಸು ಬಂತು. ಮಧ್ಯಾಹ್ನದ ಹೊತ್ತಿಗೆ ಐದೂ ಭರಣಿಗಳ ಮೇಲೆ ಹಾಲಿನ ಕೆನೆಯಂತೆ ಸಮನಾದ ಪದರ. ಬೋಗುಣಿಯಲ್ಲಿ ಇನ್ನೂ ಪಾವು ಸೇರು ಉಳಿದಿತ್ತು. ನಾಳೆ ಬೆಂಕಿ ಹಾಕಿದರೆ ಸೋಮವಾರ ಬಟ್ಟಿ ತೆರೆಯಬಹುದು.

ದುಂಡವ್ವ ತೊಳೆದ ಮುಖವನ್ನು ಮುಟ್ಟಿ ನೋಡಿಕೊಂಡಳು. ಬೆರಳಿಗೆ ಪುಡಿ ಹತ್ತಲಿಲ್ಲ. ನಕ್ಕಳು. ಆಮೇಲೆ ಏನೋ ನೆನಪಾಗಿ ನಗು ಅರ್ಧಕ್ಕೆ ನಿಂತಿತು.

"ಹಂಗಾದ್ರ ಹದಿನಾಲ್ಕ ಸೋಮವಾರ ನಾ ಸುಮ್ಮನ ಉಪಾಸ ಇದ್ನೇನ್ರಿ?"

ಮನೆದೇವರ ಹೆಸರಿನ ಉಪವಾಸ ಎಂದುಕೊಂಡಿದ್ದ ತಮ್ಮಣ್ಣ. ತನ್ನ ಭರಣಿಗಳಿಗಾಗಿ ಎಂಬುದು ಈಗ ತಿಳಿಯಿತು.

"ಆದದ್ದಾತು. ಈ ಸೋಮವಾರ ಹೊಟ್ಟಿ ತುಂಬ ಉಣ್ಣು."

ಅವಳು ಸಾಲಾಗಿ ಒಣಗುತ್ತಿದ್ದ ಐದು ಭರಣಿಗಳನ್ನು ನೋಡಿದಳು.

"ಸೋಮವಾರ ಬಟ್ಟಿ ತಗಿಯೂದೈತಲ್ರಿ," ಎಂದಳು. "ಇದೊಂದು ಉಪಾಸ ಹಿಡೀತೀನಿ."