ಝರ್ಮಿನ್ಸ್ಕಿ ಕರೆಕ್ಷನ್

ಚಂದ್ರಹಾಸ ಇವತ್ತೂ ಲೈಬ್ರರಿಯಲ್ಲೇ ಇದ್ದ. ಹಳೆಯ ಜರ್ನಲ್‌ಗಳ ರಾಶಿಯ ನಡುವೆ ತಲೆ ತಗ್ಗಿಸಿ ಕುಳಿತಿದ್ದವನನ್ನು ರುದ್ರೇಶ ಬಾಗಿಲಲ್ಲೇ ನಿಂತು ನೋಡಿದ. ಝರ್ಮಿನ್ಸ್ಕಿ ಆ ರಾಶಿಯಲ್ಲಿ ಎಲ್ಲೂ ಸಿಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಝರ್ಮಿನ್ಸ್ಕಿಯನ್ನು ಹುಟ್ಟಿಸಿದವನೇ ಅವನು.

ಶಂಕರಘಟ್ಟದ ವಿಶ್ವವಿದ್ಯಾಲಯದ ಎಂ.ಎಸ್ಸಿ. ಭೌತಶಾಸ್ತ್ರದ ತರಗತಿಯಲ್ಲಿ ಇವರಿಬ್ಬರದು ಹಾವು ಮುಂಗುಸಿಯ ನಂಟು. ರುದ್ರೇಶ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ, ಚಂದ್ರಹಾಸ ಭದ್ರಾವತಿಯ ನ್ಯೂ ಟೌನಿನಿಂದ. ಲ್ಯಾಬಿನಲ್ಲಿ ಒಬ್ಬ ಉತ್ತರವನ್ನು ಮೂರು ದಶಾಂಶಕ್ಕೆ ಬರೆದರೆ ಇನ್ನೊಬ್ಬ ನಾಲ್ಕಕ್ಕೆ ಬರೆಯುತ್ತಿದ್ದ. ಆ ಉಪಕರಣಕ್ಕೆ ಒಂದು ದಶಾಂಶ ಅಳೆಯುವ ಯೋಗ್ಯತೆಯೂ ಇರಲಿಲ್ಲ, ಆ ಮಾತು ಬೇರೆ.

ಪ್ರತಿ ಶನಿವಾರ ಒಬ್ಬ ವಿದ್ಯಾರ್ಥಿ ಸೆಮಿನಾರ್ ಕೊಡಬೇಕು, ಉಳಿದವರು ಪ್ರಶ್ನೆ ಕೇಳಬೇಕು. ಕೇಳುವುದು ತಿಳಿದುಕೊಳ್ಳಲಿಕ್ಕಲ್ಲ, ಬೋರ್ಡಿನ ಮುಂದೆ ನಿಂತವನ ನೀರಿಳಿಸಲಿಕ್ಕೆ. 'ಗೊತ್ತಿಲ್ಲ' ಎಂದವನ ಕಥೆ ಅಲ್ಲಿಗೆ ಮುಗಿದ ಹಾಗೆ.

ಚಂದ್ರಹಾಸನ ಸರದಿ ಬಂದ ದಿನ ಅವನು ಘನವಸ್ತುಗಳ ಶಾಖದ ಬಗ್ಗೆ ನೀಟಾಗಿ ಮಾತಾಡಿ ಮುಗಿಸಿದ. ಎಲ್ಲೂ ತಪ್ಪು ಸಿಗಲಿಲ್ಲ. ಅದನ್ನೇ ರುದ್ರೇಶನಿಗೆ ತಡೆಯಲಾಗಲಿಲ್ಲ.

"ಇದರಲ್ಲಿ ಝರ್ಮಿನ್ಸ್ಕಿ ಕರೆಕ್ಷನ್ ಸೇರ್ಸಿದೀಯಾ?" ಎಂದು ಎದ್ದು ನಿಂತು ಕೇಳಿದ.

ಅಂಥ ವಿಜ್ಞಾನಿಯೂ ಇಲ್ಲ, ಅಂಥ ತಿದ್ದುಪಡಿಯೂ ಇಲ್ಲ, ಆ ಹೆಸರು ಆಗಷ್ಟೇ ಬಾಯಿಗೆ ಬಂದದ್ದು. ಅಗ್ಗದ ರಷ್ಯನ್ ಪುಸ್ತಕಗಳನ್ನು ಓದಿ ಬೆಳೆದ ಹುಡುಗರು ಅವರು. 'ಸ್ಕಿ' ಎಂದು ಮುಗಿಯುವ ಯಾವ ಹೆಸರನ್ನೂ ಅನುಮಾನಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಚಂದ್ರಹಾಸ ಒಂದು ಗಳಿಗೆ ಅವನನ್ನೇ ನೋಡಿದ. ಸೀಮೆಸುಣ್ಣ ಕೆಳಗಿಟ್ಟ. "ಇಲ್ಲ. ಇಲ್ಲಿ ಅದು ತೀರಾ ಸಣ್ಣದು ಅಂತ ಬಿಟ್ಟೆ," ಎಂದ.

ಮುಂದಿನ ಬೆಂಚಿನ ತನುಜಾ ಹೌದೆಂದು ತಲೆಯಾಡಿಸಿದಳು. ಹಿಂದೆಯೇ ಇಡೀ ತರಗತಿ ತಲೆಯಾಡಿಸಿತು. ಪ್ರೊಫೆಸರ್ ಷಡಕ್ಷರಪ್ಪನವರು ಕನ್ನಡಕ ಒರೆಸಿಕೊಂಡು, "ಅದನ್ನ ಬಿಡಬಾರದಿತ್ತು. ಅದರ ಮೇಲೊಂದು ನೋಟ್ ಬರ್ಕೊಂಡು ಬಾಪ್ಪ," ಎಂದರು.

ರುದ್ರೇಶ ಅಂದು ಶಿವಮೊಗ್ಗ ಬರುವವರೆಗೂ ಬಸ್ಸಿನಲ್ಲಿ ಒಬ್ಬನೇ ನಕ್ಕ.

ನಗು ಹೆಚ್ಚು ದಿನ ಬಾಳಲಿಲ್ಲ. ಚಂದ್ರಹಾಸ ಊಟದ ಹೊತ್ತಿನಲ್ಲೂ ಲೈಬ್ರರಿ ಬಿಟ್ಟು ಏಳದಾದ. ಗಡ್ಡ ಬೆಳೆಯಿತು, ಮಾತು ನಿಂತಿತು. ಷಡಕ್ಷರಪ್ಪನವರ ಕೈಕೆಳಗೆ ಸಂಶೋಧನೆಗೆ ಆ ವರ್ಷ ಇದ್ದದ್ದು ಒಂದೇ ಸೀಟು. ಅರ್ಜಿ ಹಾಕಿದ್ದವರು ಇವರಿಬ್ಬರೇ. ಇಂಟರ್ವ್ಯೂ ಹತ್ತಿರ ಬರುತ್ತಿತ್ತು.

ರುದ್ರೇಶನಿಗೆ ಆ ಸೀಟು ಬೇಕೇ ಬೇಕಿತ್ತು. ಸಿಗದಿದ್ದರೆ ಗಾಂಧಿ ಬಜಾರಿನಲ್ಲಿ ಅಪ್ಪನ ಪಾತ್ರೆ ಅಂಗಡಿಯ ಗಲ್ಲಾದ ಮುಂದೆ ಜೀವಮಾನವಿಡೀ ಕೂರಬೇಕು. ಅಪ್ಪ ಮುರುಗೇಶಪ್ಪ ಆಗಲೇ ಮಗನಿಗೆಂದು ಹೊಸ ಕುರ್ಚಿ ತರಿಸಿಟ್ಟಿದ್ದರು. ಆದರೂ ತನಗೆ ಅಂಗಡಿಯಾದರೂ ಇದೆ. ಚಂದ್ರಹಾಸನ ಅಪ್ಪ ಮಂಜಪ್ಪ ಕಾರ್ಖಾನೆಯ ಕೆಲಸದಿಂದ ಇನ್ನೇನು ನಿವೃತ್ತರಾಗುವವರು. ಅವನಿಗೆ ಈ ಸೀಟು ತಪ್ಪಿದರೆ ಗತಿಯೇನು? ಈ ಯೋಚನೆ ರುದ್ರೇಶನನ್ನು ಕಾಡತೊಡಗಿತು.

ಇವತ್ತು ಧೈರ್ಯ ಮಾಡಿ ಲೈಬ್ರರಿಯೊಳಗೆ ಹೋಗಿ ಅವನ ಪಕ್ಕದಲ್ಲಿ ಕುಳಿತ. "ಸಿಕ್ತಾ?"

"ಇಲ್ಲ ಮಾರಾಯ. ಇಂಟರ್ವ್ಯೂಗೆ ಅಂತ ಒಂದಕ್ಷರ ಓದಿಲ್ಲ."

"ಬಿಟ್ಟಾಕು ಅದನ್ನ."

"ಹೆಂಗೆ ಬಿಡ್ಲಿ? ಕೇಳಿದೋನು ನೀನು. ನೀನು ಸುಮ್ನೆ ಕೇಳೋನಲ್ಲ."

ನಿಜ ರುದ್ರೇಶನ ಬಾಯಿವರೆಗೂ ಬಂದಿತ್ತು. ಹೇಳಿದರೆ ಇಲ್ಲದ್ದನ್ನು ಬಲ್ಲವನಂತೆ ಮಾತಾಡಿದ ಚಂದ್ರಹಾಸನ ಮಾನ ಹೋಗುತ್ತದೆ, ನೋಟ್ ಕೇಳಿದ ಪ್ರೊಫೆಸರರದೂ ಹೋಗುತ್ತದೆ. ಹಾಗಾಗಿ ನುಂಗಿಕೊಂಡು, ಎರಡು ವರ್ಷ ಯಾರ ಕಣ್ಣಿಗೂ ಬೀಳದಂತೆ ಕಾಪಾಡಿದ್ದ ತನ್ನ ನೋಟ್ಸನ್ನು ಮರುದಿನ ತಂದು ಅವನ ಮುಂದಿಟ್ಟ. ಬಿಡಿಸಿದ್ದ ಲೆಕ್ಕಗಳನ್ನೂ ಕೊಟ್ಟ. ಚಂದ್ರಹಾಸ ಬೇಡ ಬೇಡವೆನ್ನುತ್ತಲೇ ಎಲ್ಲವನ್ನೂ ಚೀಲಕ್ಕೆ ಸೇರಿಸಿದ. ಅವನ ಮುಖ ಮಾತ್ರ ಅರಳಲಿಲ್ಲ.

ರುದ್ರೇಶನಿಗೆ ಮನೆಯಲ್ಲಿ ಅನ್ನ ಸೇರದಾಯಿತು. ಒಂದು ತಮಾಷೆಗಾಗಿ ಒಬ್ಬನ ಬದುಕನ್ನೇ ಹಾಳು ಮಾಡಿದೆನೆಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಇಂಟರ್ವ್ಯೂ ದಿನ ಬೆಳಿಗ್ಗೆ ಷಡಕ್ಷರಪ್ಪನವರ ಕೋಣೆಗೆ ಹೋಗಿ ತನ್ನ ಅರ್ಜಿಯನ್ನು ವಾಪಸ್ ಕೇಳಿದ.

"ಯಾಕಪ್ಪ, ಏನಾಯ್ತು?"

"ಅಂಗಡಿ ನೋಡ್ಕೋಬೇಕು ಸಾರ್."

ಹೊರಗೆ ಬಂದು ಕಾರಿಡಾರಿನ ತುದಿಯಲ್ಲಿ ನಿಂತಾಗ ಕಣ್ಣು ತುಂಬಿ ಬಂತು. ಎಷ್ಟೋ ದಿನಗಳ ಮೇಲೆ ಎದೆ ಸ್ವಲ್ಪ ಹಗುರವೂ ಆಗಿತ್ತು.

ಸೀಟು ಚಂದ್ರಹಾಸನಿಗೆ ಸಿಕ್ಕಿತು. ಇನ್ನು ನಿಜ ಹೇಳಿದರೆ ಯಾರಿಗೂ ನಷ್ಟವಿಲ್ಲ, ಕ್ಷಮೆ ಕೇಳಿಬಿಡಬೇಕು ಎಂದುಕೊಂಡ ರುದ್ರೇಶ ಭಾನುವಾರ ಅರ್ಧ ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ನ್ಯೂ ಟೌನಿಗೆ ಹೋದ. ಕ್ವಾರ್ಟರ್ಸಿನ ಬಾಗಿಲು ತೆಗೆದವರು ಚಂದ್ರಹಾಸನ ತಾಯಿ ಚಿನ್ನಮ್ಮ. ಮಗ ಗಡ್ಡ ತೆಗೆಸಲು ಹೋಗಿದ್ದಾನೆ, ಈಗ ಬಂದುಬಿಡುತ್ತಾನೆ ಎಂದು ಕೂರಿಸಿ, ಕಾಫಿ ಕೊಟ್ಟು, ಹೆಸರು ಕೇಳಿದರು.

"ರುದ್ರೇಶ ಅಂತ, ಅಮ್ಮ. ಅವನ ಹತ್ರ ಒಂದು ತಪ್ಪು ಒಪ್ಕೋಬೇಕಿತ್ತು."

ಚಿನ್ನಮ್ಮನ ಮುಖ ಅರಳಿತು. "ಓ, ಇಲ್ಲದೇ ಇರೋ ರಷ್ಯಾದೋನ ಹೆಸರು ಹೇಳಿ ಪ್ರಶ್ನೆ ಕೇಳಿದೋನು ನೀನೇನಾ? ಅವತ್ತು ಸಾಯಂಕಾಲ ಮನೆಗೆ ಬಂದು ಹೇಳ್ಕೊಂಡು ಬಿದ್ದು ಬಿದ್ದು ನಕ್ಕ ಕಣಪ್ಪ, ಆದ್ರೆ ಸೀಟು ಕೈಗೆ ಬರೋವರೆಗೂ ನಿನ್ನ ಎದುರಿಗೆ ಮಾತ್ರ ನಗಬಾರದು ಅಂತಿದ್ದ."