ಗೋಡೆಯೊಳಗಿನ ಹಲ್ಲಿ

ಈ ತಿಂಗಳ ಸಂಗೀತ ಸೋಮವಾರ ಬಿಡುಗಡೆಯಾಯಿತು. ಎಂದಿನಂತೆ ಊರಿನ ಎಲ್ಲ ಮನೆಗಳ ಗೋಡೆಯ ಸ್ಪೀಕರುಗಳಲ್ಲಿ ತಾನಾಗಿಯೇ ಶುರುವಾಯಿತು. ಹೋದ ತಿಂಗಳದ್ದು ಬರೀ ತೂಕಡಿಕೆ. ಇದು ಪರವಾಗಿಲ್ಲ, ತಂಬೂರಿಯನ್ನು ನೀರಿನಲ್ಲಿ ಅದ್ದಿ ಮೀಟಿದ ಹಾಗಿದೆ. ಆದರೆ ನಡುನಡುವೆ ಒಂದು ಹಲ್ಲಿ ಲೊಚಗುಟ್ಟುತ್ತದೆ. ಅದೇ ನನಗೆ ಸರಿಬರಲಿಲ್ಲ. ಊರಿನಲ್ಲಿ ಹಲ್ಲಿಗಳು ಅಳಿದು ಎಷ್ಟೋ ವರ್ಷಗಳಾದವು.

ನನ್ನ ಸೋದರತ್ತೆ ತುಂಗತ್ತೆಗೆ ಮಾತ್ರ ಹಿಗ್ಗೋ ಹಿಗ್ಗು. ಹಲ್ಲಿ ನುಡಿದರೆ ಆಡಿದ ಮಾತು ನಿಜವೆಂದು ಅವರ ನಂಬಿಕೆ. ಪ್ರತಿ ಸಲವೂ ಬೆರಳಿನಿಂದ ನೆಲ ಕುಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ.

ಮೊನ್ನೆ ಸೊಪ್ಪು ಬಿಡಿಸುತ್ತಾ, "ಕೆಳಗಿನ ಮನೆ ಜಲಜಾಕ್ಷಿ ಸ್ಪೀಕರ್ ವೈರು ಕಿತ್ತುಹಾಕಿದಾಳಂತೆ ಕಣೇ," ಅಂದರು. ಹಲ್ಲಿ ಲೊಚಗುಟ್ಟಿತು. ಅತ್ತೆ ನೆಲ ಕುಟ್ಟಿದರು. ಮರುದಿನ ಬೆಳಿಗ್ಗೆ ಸರ್ಕಾರದವರು ಬಂದು ಜಲಜಾಕ್ಷಿಯನ್ನು ಜೀಪಿನಲ್ಲಿ ಕರೆದುಕೊಂಡು ಹೋದರು.

ಇವತ್ತು ಒಂದು ಸುಳ್ಳು ಹೇಳಿ ಪರೀಕ್ಷೆ ಮಾಡಿಯೇಬಿಡೋಣ ಎಂದು, ಗೋಡೆಗೆ ಕೇಳುವ ಹಾಗೆ, "ಈ ತಿಂಗಳ ಸಂಗೀತ ನನಗೆ ತುಂಬಾ ಹಿಡಿಸಿದೆ," ಅಂದೆ. ತಂಬೂರಿ ತನ್ನ ಪಾಡಿಗೆ ಮಿಡಿಯುತ್ತಿತ್ತು. ಹಲ್ಲಿ ತುಟಿಪಿಟಕ್ಕೆನ್ನಲಿಲ್ಲ.

"ಏನೇ ನಿನ್ನ ಅನುಮಾನ? ನಮ್ಮನೆ ಮಾತು ಹೊರಗೆಲ್ಲೂ ಹೋಗಲ್ಲ ಬಿಡೇ," ಅಂದರು ಅತ್ತೆ.

ಆಗಲೂ ಹಲ್ಲಿ ಸುಮ್ಮನಿತ್ತು.

ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಪಿಸುಗುಟ್ಟಿದೆ. "ಅತ್ತೆ, ಜಲಜಾಕ್ಷಿನ ಹಿಡಿದುಕೊಟ್ಟಿದ್ದು ನೀವೇ."

ಹಲ್ಲಿ ಲೊಚಗುಟ್ಟಿತು.

ಅತ್ತೆಯ ಬೆರಳು ತಾನಾಗಿಯೇ ನೆಲ ಕುಟ್ಟಿತು. ಕೃಷ್ಣನ ಹೆಸರು ಮಾತ್ರ ಬಾಯಿಂದ ಹೊರಡಲಿಲ್ಲ.