ಬಟ್ಟೆ ಸೋಕದ ಪಕ್ಕೆ

ನರ್ಸ್ ಸೂಜಿ ಎತ್ತಿದ ಕೂಡಲೇ ಮುದಿ ದರ್ಜಿ ಮಡಿಸಿದ್ದ ಅಂಗಿಯ ತೋಳನ್ನು ಇಳಿಸಿ ಎದ್ದುಬಿಟ್ಟ. "ಬೇಡಮ್ಮ. ಈ ವಯಸ್ಸಲ್ಲಿ ಸರ್ಪಸುತ್ತಿನ ಲಸಿಕೆ ಒಂದು ಕೇಡು ನಂಗೆ! ಇವಳಿಗೆ ಸರ್ಪಸುತ್ತು ಬಂದಿತ್ತಲ್ಲ. ಗುಳ್ಳೆ ಒಣಗ್ತು, ಮುಗೀತು."

"ಮುಗೀತಾ?" ಎಂದಳು ಪಕ್ಕದಲ್ಲಿದ್ದ ಹೆಂಡತಿ. ಗುಳ್ಳೆ ಒಣಗಿ ತಿಂಗಳುಗಳಾದರೂ ಎಡ ಪಕ್ಕೆಯ ಉರಿ ಅವಳನ್ನು ಬಿಟ್ಟಿರಲಿಲ್ಲ. ಈಗಲೂ ರವಿಕೆ ಅಲ್ಲಿಗೆ ಸೋಕದಂತೆ ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು. ಅವನು ಅದನ್ನು ಮತ್ತೆ ಮತ್ತೆ ಸಡಿಲ ಮಾಡಿ ಹೊಲಿದುಕೊಟ್ಟಿದ್ದ. ಇಷ್ಟು ಮೆತ್ತನೆಯ ಬಟ್ಟೆ ಹೇಗೆ ಚುಚ್ಚುತ್ತದೆಂದು ಪ್ರತಿ ಸಲವೂ ಗೊಣಗಿದ್ದ.

"ರೀ, ದಮ್ಮಯ್ಯ ಅಂತೀನಿ, ಹಾಕಿಸ್ಕೊಳ್ಳಿ. ನೀವೂ ಹಿಂಗೆ ನರಳೋದನ್ನ ನೋಡೋಕೆ ನನ್ನ ಕೈಲಾಗಲ್ಲ."

"ನಂಗೇನೂ ಆಗಲ್ಲ, ನಡಿ."

ಬೆರಳಲ್ಲಿ ಮುಟ್ಟದೆ ಯಾವ ಬಟ್ಟೆಯನ್ನೂ ನಂಬಿದವನಲ್ಲ ಅವನು. ಅದು ಅವಳಿಗೆ ಗೊತ್ತಿತ್ತು. ಅವನ ಕೈ ಎಳೆದು, ಇಷ್ಟು ದಿನ ಯಾರಿಗೂ ಮುಟ್ಟಗೊಡದ ಪಕ್ಕೆಯ ಮೇಲೆ ಒತ್ತಿಕೊಂಡಳು. ಕೂಗಲಿಲ್ಲ. ಅವನ ಅಂಗೈಯಡಿ ಅವಳ ಮೈಯೆಲ್ಲ ಓಡುವ ಹೊಲಿಗೆ ಯಂತ್ರದಂತೆ ಅದುರಿತು.

"ಬಿಡೇ... ಸಾಕು, ಬಿಡೇ."

ಅವಳು ಬಿಡಲಿಲ್ಲ. ಅವನು ಇನ್ನೊಂದು ತೋಳಿನ ಗುಂಡಿಯನ್ನು ದಾರ ಕಡಿಯುವ ಹಲ್ಲಿನಿಂದಲೇ ಕಿತ್ತು, ಆ ಕೈಯನ್ನು ನರ್ಸ್ ಕಡೆ ಚಾಚಿದ.